ಕಿಟಕಿಯ ಕಡೆ ಕೂತ ನೀರು

ನಮ್ಮ ಊರಿನಲ್ಲಿ ನೀರು ಮನೆಗೆ ಬರುವುದು ಬೇಸಿಗೆಯಲ್ಲಿ. ಮಳೆಗಾಲದ ನೀರು ಬೇರೆ. ಅದು ಬೀದಿಯಲ್ಲೇ ಹರಿದು ಹೋಗುತ್ತದೆ, ಅದಕ್ಕೆ ಯಾರ ಮನೆಯೂ ಬೇಕಿಲ್ಲ. ಬೇಸಿಗೆಯದು ಹಾಗಲ್ಲ. ವರ್ಷಕ್ಕೆ ಒಂದು ಮನೆ ನೋಡಿಕೊಂಡು ಬರುತ್ತದೆ, ಎಲ್ಲರ ಹಾಗೆ ಬಾಗಿಲಿನಿಂದಲೇ ಬರುತ್ತದೆ, ನಡುಮನೆಯಲ್ಲಿ ಮೀನಖಂಡದವರೆಗೆ ನಿಂತು ಕೆಲವು ದಿನ ಇದ್ದು ಹೋಗುತ್ತದೆ. ಈ ಸಲ ಅಕ್ಕಿ ಗಿರಣಿಯವರ ಮನೆಗೆ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಗಿರಣಿಯವರು ಮಂಚದ ಕಾಲುಗಳನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು ಕಾದಿದ್ದರು. ಅದು ನಮ್ಮ ಮನೆಗೆ ಬಂತು.

ನಾನು ಆಗ ನಡುಮನೆಯ ನೆಲದ ಮೇಲೆ ಕೂತು ಅಂಚೆ ಮಾಸ್ತರರ ಹೆಂಡತಿಯ ರವಿಕೆ ಕತ್ತರಿಸುತ್ತಿದ್ದೆ. ಹೊಸ್ತಿಲ ಮೇಲೆ ತೆಳ್ಳಗೆ ಏನೋ ಹೊಳೆಯಿತು. ತಲೆ ಎತ್ತುವಷ್ಟರಲ್ಲಿ ಅದು ಒಳಗೆ ಬಂದಾಗಿತ್ತು. ಬಸ್ಸು ಇಳಿದು ನಡೆದುಕೊಂಡು ಬಂದ ನೆಂಟರ ಹಾಗೆ, ಅವಸರವಿಲ್ಲದೆ, ಆದರೆ ಅನುಮಾನವೂ ಇಲ್ಲದೆ. ನಾನು ಬಟ್ಟೆ ಎತ್ತಿಕೊಂಡು ನಿಂತು "ಅತ್ತಿಗೆ" ಎಂದು ಕರೆದೆ. ನನ್ನ ದನಿ ಅಡುಗೆಮನೆಯವರೆಗೆ ಹೋಗುವಂಥದ್ದಲ್ಲ. ನೀರೇ ಹೋಗಿ ಅತ್ತಿಗೆಯ ಪಾದ ಮುಟ್ಟಿತು.

"ಬಂತಾ," ಎಂದರು ಅತ್ತಿಗೆ ಒಲೆಯ ಮುಂದಿನಿಂದ. "ಎಲ್ಲಾ ಬಿಟ್ಟು ಈ ವರ್ಷವೇ ಬರ್ಬೇಕಿತ್ತಾ. ಶೈಲಾಳ ನಿಶ್ಚಿತಾರ್ಥ ಬೇರೆ ಇಟ್ಕೊಂಡಿದೀವಿ." ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಬೇರೆಯದೇ ದನಿಯಲ್ಲಿ ನೀರಿಗೆ ಹೇಳಿದರು. "ಬನ್ನಿ ಬನ್ನಿ. ನಿಮ್ಮದೇ ಮನೆ."

ಅತ್ತಿಗೆಯ ಹೆಸರು ದಾಕ್ಷಾಯಿಣಿ, ನನ್ನ ಅಣ್ಣ ಲಿಂಗಣ್ಣನ ಹೆಂಡತಿ. ಶೈಲಾ ಅವರ ತಂಗಿ. ಆ ಅಕ್ಕತಂಗಿಯರಿಗೆ ತಂದೆತಾಯಿ ಇಲ್ಲ, ಹಾಗಾಗಿ ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಎಂದು ಆಗಿತ್ತು. ಆಷಾಢಕ್ಕೆ ಮೊದಲು ಒಂದು ಒಳ್ಳೆಯ ದಿನ ಸಿಕ್ಕಿತ್ತು. ಅತ್ತಿಗೆ ಆ ದಿನಕ್ಕಾಗಿ ತುಂಬಾ ಕಾಯುತ್ತಿದ್ದರು, ಏಕೆಂದರೆ ತಂಗಿಯನ್ನು ನೋಡಲು ಬಂದ ಗಂಡಿನವರೆಲ್ಲ ಇದುವರೆಗೆ "ತಾಯಿ ಇಲ್ಲದ ಮನೆ" ಎಂದು ಹಿಂದೆ ಸರಿದಿದ್ದರು. ಇವರು ಮಾತ್ರ ಸರಿದಿರಲಿಲ್ಲ.

ನೀರು ಬಂದ ಮನೆಯಲ್ಲಿ ನಡೆಯಬೇಕಾದ ರೀತಿ ನಮ್ಮ ಊರಿನಲ್ಲಿ ಮಕ್ಕಳಿಗೂ ಗೊತ್ತು. ಅದನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲಬಾರದು. ಪೊರಕೆ ಹಿಡಿದು ಅದರ ಎದುರಿಗೆ ನಿಲ್ಲಬಾರದು. ಯಾವಾಗ ಹೋಗುತ್ತದೆ ಎಂದು ಅದಕ್ಕೆ ಕೇಳುವ ಹಾಗೆ ಮಾತಾಡಬಾರದು. ಹಿಂದೆ ಮೇಲಿನ ಬೀದಿಯ ಗುರುಪಾದಪ್ಪನವರು ತಾಳ್ಮೆಗೆಟ್ಟು ಎಲ್ಲವನ್ನೂ ಮೊಗೆದು ಚೆಲ್ಲಿದ್ದರು. ನೀರು ಜಗಳವಾಡಲಿಲ್ಲ. ಅವರ ಹಾಸಿಗೆ ಮಾತ್ರ ಅವತ್ತಿನಿಂದ ಒಣಗಿಲ್ಲ. ಅವರು ಈಗಲೂ ಬೆಂಚಿನ ಮೇಲೆ ಮಲಗುತ್ತಾರೆ, ಆರೋಗ್ಯವಾಗಿದ್ದಾರೆ.

ನೀರು ಇದ್ದಷ್ಟು ದಿನ ಊರಿನವರು ನೋಡಲು ಬಂದರು. ಬರಿಗೈಯಲ್ಲಿ ಬರುವುದು ಪದ್ಧತಿಯಲ್ಲ, ಬಾಳೆಹಣ್ಣು ತಂದರು, ಚಕ್ಕುಲಿ ತಂದರು. ಸೀರೆ, ಪಂಚೆ ಎತ್ತಿ ಕಟ್ಟಿಕೊಂಡು, ನೀರಿನಲ್ಲಿ ಕಾಲಿಟ್ಟುಕೊಂಡು ಬೆಂಚಿನ ಮೇಲೆ ಕೂತು ಕಾಫಿ ಕುಡಿದರು. "ಹೋದ ವರ್ಷದ್ದಕ್ಕಿಂತ ತಂಪಾಗಿದೆ" ಎಂದರು. ಅತ್ತಿಗೆ ಕಾಫಿ ಮಾಡಿ ಮಾಡಿ ಸೋತರು. ನಾನು ಎಂದಿನ ಹಾಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಲೋಟ ತೊಳೆದೆ. ಜನ ಬಂದಾಗ ನನ್ನ ಜಾಗ ಅದು. ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ನಡುಮನೆಯಲ್ಲಿ ನೀರು ಇರಲಿಲ್ಲ. ನೆಲ ಇತ್ತು, ಆದರೆ ಅದು ನಾವು ನೋಡಿದ ನೆಲವಲ್ಲ.

ನಮ್ಮ ನಡುಮನೆಗೆ ಮರದ ನೆಲ. ಅಪ್ಪ ನಾಟಕ ಕಂಪನಿಯಲ್ಲಿ ಪರದೆ ಎಳೆಯುವವನಾಗಿದ್ದ. ಕಂಪನಿ ಮುಚ್ಚಿದಾಗ ರಂಗಕ್ಕೆ ಹಾಸಿದ್ದ ಹೊನ್ನೆಯ ಹಲಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ತಾನೇ ಕೂತು ಹಾಸಿದ. ನಾಲ್ಕು ಬೆರಳಿನ ಅಗಲದ ಹಲಗೆಗಳು, ಕಲ್ಲಿನಷ್ಟು ಗಟ್ಟಿ. ಈಗ ಪ್ರತಿ ಹಲಗೆಯ ಎರಡೂ ಅಂಚು ಮೇಲೆದ್ದು ನಡು ತಗ್ಗಿತ್ತು. ಸಣ್ಣ ಸಣ್ಣ ದೋಣಿಗಳನ್ನು ಒತ್ತೊತ್ತಾಗಿ ಕಟ್ಟಿಹಾಕಿದ ಹಾಗೆ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಕಾಲಿಟ್ಟರೆ ಇನ್ನೊಂದು ಮೂಲೆ ಕಿರುಗುಟ್ಟುತ್ತಿತ್ತು. ಅಣ್ಣ ಬಾಗಿಲಲ್ಲಿ ನಿಂತು ನೋಡಿ, "ಊರಲ್ಲಿ ಎಲ್ರೂ ಯಾಕೆ ಟೈಲ್ಸ್ ಹಾಕ್ಸಿದಾರೆ ಅಂತ ಈಗ ಗೊತ್ತಾಯ್ತು" ಎಂದ.

ಆ ನೆಲ ನನಗೆ ಏನು ಎಂಬುದನ್ನು ಹೇಳಬೇಕಾದರೆ ಶಾಲೆಯ ವಿಷಯ ಹೇಳಬೇಕು. ಶಾಲೆಯಲ್ಲಿ ಮೇಷ್ಟರು ಹಾಜರಿ ಕರೆದಾಗ, ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಹೆಸರಿಗೆ ಹೋಗಿಬಿಡುತ್ತಿದ್ದರು. ಹೀಗೆ ನಾನು ದಿನವೂ ಹೋದರೂ ಲೆಕ್ಕದಲ್ಲಿ ಹೋಗಿರಲಿಲ್ಲ. ಏಳನೆಯ ತರಗತಿಯ ನಡುವೆ ನಿಜವಾಗಿಯೂ ಹೋಗುವುದನ್ನು ಬಿಟ್ಟೆ. ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಅವ್ವ ಬದುಕಿದ್ದಾಗ ರವಿಕೆ ಹೊಲಿಯುವುದನ್ನು ಹೇಳಿಕೊಟ್ಟಳು. ಹೆಂಗಸರ ಮೈಗೆ ಟೇಪು ಸುತ್ತಿ, ಕೈ ಎತ್ತಿ ಅಕ್ಕ, ಈ ಕಡೆ ತಿರುಗಿ ಅಕ್ಕ ಎಂದು ಹೇಳುವುದು ನನ್ನಿಂದ ಆಗಲಿಲ್ಲ. ಅದಕ್ಕೆ ಅವ್ವ ಒಂದು ದಾರಿ ಕಂಡುಕೊಂಡಳು. ಅಳತೆಗೆ ತಂದ ಹಳೆಯ ರವಿಕೆಯನ್ನು ನೆಲಕ್ಕೆ ಹಾಸಿ, ಅದು ಎಷ್ಟು ಹಲಗೆ ಹಿಡಿಯಿತು ಎಂದು ನೋಡುವುದು. ನಾನು ಒಮ್ಮೆ ನೋಡಿದ್ದನ್ನು ಮರೆಯುವುದಿಲ್ಲ. ಬರುಬರುತ್ತಾ ಊರಿನ ಹೆಂಗಸರಿಗೂ ಅದೇ ರೂಢಿಯಾಯಿತು. "ನಾನು ಐದು ಹಲಗೆ ಕಣೇ, ಬಾಣಂತನ ಆದ್ಮೇಲೆ ಇನ್ನರ್ಧ ಸೇರ್ಸ್ಕೋ" ಎಂದು ಕಿಟಕಿಯ ಆಚೆಯಿಂದಲೇ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಯಾರೂ ಒಳಗೆ ಬರುತ್ತಿರಲಿಲ್ಲ, ನಾನು ಯಾರೊಂದಿಗೂ ಮಾತಾಡಬೇಕಿರಲಿಲ್ಲ, ರವಿಕೆ ಮಾತ್ರ ಸರಿಯಾಗಿ ಕೂರುತ್ತಿತ್ತು.

"ಅಣ್ಣ, ನನ್ನ ಹೊಲಿಗೆ" ಎಂದೆ ಅವತ್ತು.

"ಪೇಟೆಯಲ್ಲಿ ಪರಮೇಶಿ ಟೈಲರ್ ಅಂಗಡಿ ಇದೆಯಲ್ಲ ಚಂಪಾ. ಮೇಜಿದೆ, ಟೇಪಿದೆ. ನಾನು ಹೇಳ್ತೀನಿ, ಹೋಗಿ ಕಲಿ. ನಾಲ್ಕು ಜನರ ಜೊತೆ ಮಾತಾಡೋದೂ ಬರುತ್ತೆ," ಎಂದ ಅಣ್ಣ. ಅವನು ಕೆಟ್ಟದ್ದು ಹೇಳಲಿಲ್ಲ. ಪರಮೇಶಿಯವರ ಅಂಗಡಿ ಬಸ್ಸು ನಿಲ್ಲುವ ಕಡೆ ಇದೆ, ಮುಂಭಾಗಕ್ಕೆ ಗೋಡೆಯೇ ಇಲ್ಲ. ಅಲ್ಲಿ ಕೂತವರನ್ನು ಬಸ್ಸಿನಲ್ಲಿ ಇರುವವರೆಲ್ಲ ನೋಡುತ್ತಾರೆ.

ಅತ್ತಿಗೆ ಒಂದು ಮಾತು ಸೇರಿಸಿದ್ದರಿಂದ ಸ್ವಲ್ಪ ಸಮಯ ಸಿಕ್ಕಿತು. ಮೊದಲು ಆಚಾರಿಯನ್ನು ಕರೆಸಿ ನೋಡೋಣ, ನಿಶ್ಚಿತಾರ್ಥದ ದಿನ ಜನ ಚಾಪೆ ಹಾಕಿ ಕೂರುವಷ್ಟು ಸಮ ಆದರೆ ಸಾಕು, ಆಗದಿದ್ದರೆ ಟೈಲ್ಸು ಎಂದರು.

ಬಂದವರು ಮೌನೇಶಾಚಾರಿ. ಅವರು ಮಾತು ನಿಲ್ಲಿಸಿದ್ದನ್ನು ಯಾರೂ ಕಂಡಿಲ್ಲ. ಹಲಗೆಯ ಮೇಲೆ ಅಂಗೈ ಆಡಿಸಿ, "ಏನಿಲ್ಲ ಲಿಂಗಣ್ಣ, ಅಂಚು ಎದ್ದಿದೆ ಅಷ್ಟೇ. ಎದ್ದಿದ್ದನ್ನ ಹೆರೆದ್ರೆ ಸಮ ಆಯ್ತಲ್ಲ" ಎಂದು ಹತ್ತರಿ ತೆಗೆದು ಬಾಗಿಲ ಕಡೆಯಿಂದ ಹೆರೆಯಲು ಶುರುಮಾಡಿದರು. ಹೆರೆದ ಸಿಪ್ಪೆ ಹಾರಲಿಲ್ಲ. ಹಸಿ ಶಾವಿಗೆಯ ಹಾಗೆ ಅವರ ಕೈಗೆ ಅಂಟಿಕೊಂಡಿತು. ಅದನ್ನು ನೋಡಿ ನಾನು "ಇನ್ನೂ ಒದ್ದೆ ಇದೆ" ಎಂದೆ. ಹೇಳಿದ್ದು ಬಾಗಿಲ ಚೌಕಟ್ಟಿಗೆ. ಆಚಾರಿ ಆಗ ತಮ್ಮ ಬೀಗರು ಮದುವೆಯಲ್ಲಿ ಹೋಳಿಗೆಗೆ ತುಪ್ಪ ಬಡಿಸದ ಕಥೆಯಲ್ಲಿದ್ದರು. ಬಾಗಿಲ ಕಡೆಯ ಒಂದಷ್ಟು ಹಲಗೆ ಕನ್ನಡಿಯ ಹಾಗೆ ಸಮ ಮಾಡಿ, ಉಳಿದದ್ದು ಸೋಮವಾರ ಎಂದು ಹೋದವರು ಇನ್ನೊಂದೂರಿನ ಕೆಲಸಕ್ಕೆ ಹೋಗಿಬಿಟ್ಟರು. ಅತ್ತಿಗೆ ಆ ಸಮವಾದ ಭಾಗವನ್ನು ಬಂದವರಿಗೆಲ್ಲ ತೋರಿಸಿದರು.

ನಾನು ಹೊಲಿಗೆ ನಿಲ್ಲಿಸಲಿಲ್ಲ, ಕಿಟಕಿಯ ಕಡೆ ಕೂತು ಅದೇ ಹಲಗೆಗಳ ಮೇಲೆ ಕತ್ತರಿಸಿದೆ. ಹಲಗೆಗಳು ಉಬ್ಬಿದ್ದವು. ಹಾಗಾಗಿ ಐದು ಹಲಗೆ ಎಂದರೆ ಹಿಂದಿನ ಐದು ಹಲಗೆಯಲ್ಲ. ರವಿಕೆಗಳು ದೊಗಳೆಯಾದವು. ಬೈಸಿಕೊಳ್ಳಲು ನಾನು ತಯಾರಾಗಿದ್ದೆ. ಯಾರೂ ಬೈಯಲಿಲ್ಲ. ಅಂಚೆ ಮಾಸ್ತರರ ಹೆಂಡತಿ ಕಿಟಕಿಗೆ ಬಂದು, "ಚಂಪಾ, ನೋಡೇ, ನಾನು ಎಷ್ಟು ಇಳ್ದಿದೀನಿ" ಎಂದು ತೋಳು ಜಗ್ಗಿ ತೋರಿಸಿದರು. ಗಿರಣಿಯವರ ಸೊಸೆ ಬೆಳಗಿನ ನಡಿಗೆಯನ್ನು ನಿಲ್ಲಿಸಿಬಿಟ್ಟಳು, ಇನ್ನು ಅಗತ್ಯವಿಲ್ಲ ಎಂದು. ಊರಿನ ಹೆಂಗಸರೆಲ್ಲ ಒಟ್ಟಿಗೆ ಸೊರಗಿದ್ದರು, ಎಲ್ಲರೂ ಸಂತೋಷವಾಗಿದ್ದರು. ನಾನು ಮಾತ್ರ ಮರದೊಳಗೆ ನೀರು ಇನ್ನೂ ಎಷ್ಟಿದೆ ಎಂದು ಅವರ ತೋಳುಗಳನ್ನು ನೋಡಿ ತಿಳಿದುಕೊಂಡೆ.

ಅಷ್ಟರಲ್ಲಿ ಬಾಗಿಲ ಕಡೆಯ ಹಲಗೆಗಳು ಗಾಳಿ ಬಿಸಿಲಿಗೆ ಒಣಗತೊಡಗಿದವು. ಒಣಗಿದ ಹಾಗೆ ಅಂಚುಗಳು ತಾವಾಗಿಯೇ ಕೆಳಗೆ ಕೂತವು. ಆದರೆ ಆಚಾರಿ ಹೆರೆದ ಕಡೆ ಅಂಚಿನಲ್ಲಿ ಈಗ ಮರವೇ ಇರಲಿಲ್ಲ. ನಡು ಮಾತ್ರ ಉಳಿದು, ಕನ್ನಡಿಯ ಹಾಗಿದ್ದ ಜಾಗ ಆಮೆಗಳು ಮಲಗಿದ ಹಾಗೆ ಆಯಿತು. ಅಣ್ಣ ಅದರ ಮೇಲೆ ಎಡವಿ ಬಿದ್ದ. ಎದ್ದವನೇ ಹೋಗಿ ಟೈಲ್ಸಿನ ಡಬ್ಬಗಳನ್ನು ತರಿಸಿ ಜಗಲಿಯ ಮೇಲೆ ಪೇರಿಸಿದ.

ಮಾರನೆಯ ಬೆಳಿಗ್ಗೆ ಹಾರೆ ಹಿಡಿದುಕೊಂಡು ಬಂದು ಕಿಟಕಿಯ ಕಡೆಯ ಮೊದಲ ಹಲಗೆಯ ಸಂದಿಗೆ ತುದಿ ಇಟ್ಟ. ನಾನು ಹೋಗಿ ಆ ಹಲಗೆಯ ಮೇಲೆ ನಿಂತೆ.

"ಸರಿಯಮ್ಮ ಆ ಕಡೆ," ಎಂದ ಅಣ್ಣ.

"ಇನ್ನೂ ಹೋಗಿಲ್ಲ," ಎಂದೆ.

ನನ್ನ ದನಿ ಅಡುಗೆಮನೆಯವರೆಗೆ ಕೇಳಿಸಿತು. ಅತ್ತಿಗೆ ಸೌಟು ಹಿಡಿದುಕೊಂಡೇ ಬಂದರು. ಅಣ್ಣ ಹಾರೆಯನ್ನು ನಿಧಾನವಾಗಿ ಗೋಡೆಗೆ ಒರಗಿಸಿದ. ನೀರು ಇನ್ನೂ ಹೋಗಿಲ್ಲ ಎಂದು ಮನೆಯವರಲ್ಲಿ ಒಬ್ಬರು ಹೇಳಿದರೂ ಸಾಕು, ಎಲೆ ಇಟ್ಟು ನೋಡುವವರೆಗೆ ಯಾರೂ ನೆಲವನ್ನು ಮುಟ್ಟುವಂತಿಲ್ಲ. ಅತಿಥಿ ಕೂತಿರುವಾಗ ಕೆಳಗಿನ ಚಾಪೆ ಎಳೆಯುವುದುಂಟೇ.

"ಹೋಗಿಲ್ಲ ಅಂದ್ರೆ ಏನರ್ಥ ಗೊತ್ತಾ ನಿಂಗೆ," ಎಂದರು ಅತ್ತಿಗೆ. ಬೈಯಲಿಲ್ಲ, ಮೆಲ್ಲಗೆ ಕೇಳಿದರು. "ನಿಶ್ಚಿತಾರ್ಥ ಇಲ್ಲ ಅಂತ. ಶೈಲಾಗೆ ನಾನು ಏನು ಹೇಳ್ಲಿ?"

ನನಗೆ ಗೊತ್ತಿತ್ತು. ನೀರು ಇರುವ ಮನೆಯಲ್ಲಿ ಶುಭಕಾರ್ಯ ಮಾಡುವಂತಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು ಅತಿಥಿಗೆ ಹೇಳಿದ ಹಾಗಾಗುತ್ತದೆ. ಅದನ್ನು ಒಂಟಿಯಾಗಿ ಬಿಟ್ಟು ಛತ್ರಕ್ಕೆ ಹೋಗುವಂತೆಯೂ ಇಲ್ಲ. ಇದನ್ನೆಲ್ಲ ಯೋಚಿಸಿಯೇ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಒಂದು ಕಡೆ ನನ್ನ ನೆಲ, ಇನ್ನೊಂದು ಕಡೆ ಅತ್ತಿಗೆಯ ತಂಗಿ. ಹಾರೆಯ ತುದಿ ಮರಕ್ಕೆ ತಾಗಿದ ಸದ್ದು ಕೇಳಿದಾಗ ಯೋಚನೆ ಮುಗಿದಿತ್ತು.

ಎಲೆ ಇಡುವವರು ಹಾಲಮ್ಮ. ಊರಿನ ಊಟಗಳಿಗೆಲ್ಲ ಮುತ್ತುಗದ ಎಲೆ ಹಚ್ಚಿಕೊಡುವ ಮುದುಕಿ. ಚೆನ್ನಾಗಿ ಒಣಗಿದ ಒಂದು ಎಲೆಯನ್ನು ನಡುಮನೆಯ ಮಧ್ಯೆ ಮಗುಚಿ ಹಾಕಿ, ಮೇಲೆ ಒಂದು ಗುಂಡುಕಲ್ಲು ಇಟ್ಟು ಹೋದರು. ಬೆಳಿಗ್ಗೆ ಬಂದು ಎಲೆ ಎತ್ತಿ ಎಲ್ಲರ ಎದುರಿಗೆ ಮಡಚಿದರು. ನೀರು ಹೋಗಿದ್ದರೆ ಎಲೆ ಪಟಪಟ ಎಂದು ಮುರಿಯುತ್ತದೆ. ಇದು ಬಟ್ಟೆಯ ಹಾಗೆ ಮಡಚಿಕೊಂಡಿತು.

"ಹುಡುಗಿ ಹೇಳಿದ್ದು ನಿಜ," ಎಂದರು ಹಾಲಮ್ಮ. "ಆರಾಮಾಗಿ ಕೂತಿದೆ. ಕಾಫಿ ಏನಾದ್ರೂ ಕೊಡ್ತೀರಾ ನಂಗೆ?"

ಅತ್ತಿಗೆ ಹಾಲಮ್ಮನಿಗೆ ಕಾಫಿ ಕೊಟ್ಟರು, ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ತಟ್ಟೆ ಇಡುತ್ತಿದ್ದರು, ಅನ್ನ ಬಡಿಸುತ್ತಿದ್ದರು, ಸಾರು ಬೇಕಾ ಎಂದು ಗೋಡೆಯನ್ನು ಕೇಳುತ್ತಿದ್ದರು. ಅವರು ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ಅಳುವುದನ್ನು ನಾನು ನೋಡಿದೆ. ಹತ್ತಿರ ಹೋಗಿ ಏನಾದರೂ ಹೇಳಬೇಕಿತ್ತು. ಆದರೆ ಎಲ್ಲ ಮಾತನ್ನೂ ಒಂದೇ ಸಲಕ್ಕೆ ಖರ್ಚುಮಾಡಿಬಿಟ್ಟಿದ್ದೆ.

ಅಣ್ಣ ಗಂಡಿನವರ ಊರಿಗೆ ಹೋಗಿ ವಿಷಯ ಹೇಳಿ ಬಂದ. ಬಂದವನ ಮುಖದಲ್ಲಿ ಬೇಸರ ಇರಲಿಲ್ಲ, ಗಲಿಬಿಲಿ ಇತ್ತು. ಹುಡುಗನ ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ದರಂತೆ. "ಅದನ್ನ ಯಾರಾದ್ರೂ ಕೇಳಿದೀರಾ?"

"ಏನಂತ?" ಎಂದರು ಅತ್ತಿಗೆ.

"ಸ್ವಲ್ಪ ಸರಿದು ಕೂರುತ್ತಾ ಅಂತ. ಅವರೇ ಬಂದು ಕೇಳ್ತಾರಂತೆ. ಇಟ್ಟ ದಿನ ಇಟ್ಟ ಹಾಗೇ ಇರ್ಲಿ ಅಂದ್ರು."

ಅವರ ಊರಿನಲ್ಲಿ ನೀರು ಮನೆಗೆ ಬರುವುದಿಲ್ಲ, ಅದಕ್ಕೇ ಅಂಥ ಯೋಚನೆ ಎಂದರು ಊರಿನವರು. ಆದರೂ ಆ ದಿನ ಎಲ್ಲರೂ ಬಂದು ನಮ್ಮ ಅಂಗಳದಲ್ಲಿ ನಿಂತರು. ಹುಡುಗನ ತಾಯಿ ದಪ್ಪನೆಯ ಹೆಂಗಸು, ಬಸ್ಸಿನಿಂದ ಇಳಿದು ನಡೆದು ಬಂದು ಏದುಸಿರು ಬಿಡುತ್ತಿದ್ದರು. ಚಪ್ಪಲಿ ಬಿಟ್ಟು, ಹೊಸ್ತಿಲಲ್ಲಿ ನಿಂತು, ಖಾಲಿ ನೆಲವನ್ನು ನೋಡುತ್ತಾ, ಬಸ್ಸಿನಲ್ಲಿ ಪಕ್ಕದವರೊಂದಿಗೆ ಮಾತಾಡುವ ಹಾಗೆ ಹೇಳಿದರು. "ನಮ್ಮದೊಂದು ಸಣ್ಣ ಕೆಲಸ ಇದೆ. ಜನ ಜಾಸ್ತಿ ಬಂದಿದೀವಿ. ಒಂಚೂರು ಆ ಕಿಟಕಿ ಕಡೆ ಸರ್ಕೊಂಡ್ರೆ ನಾವೂ ಕೂರ್ತೀವಿ. ಏನೂ ಅಂದ್ಕೋಬೇಡಿ."

ಒಂದು ಹಲಗೆ ಟಕ್ ಎಂದಿತು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಬಾಗಿಲಿನಿಂದ ಕಿಟಕಿಯವರೆಗೆ, ಯಾರೋ ಮಂಡಿ ಹಿಡಿದುಕೊಂಡು ಎದ್ದು ಹೋದ ಹಾಗೆ. ಹಾಲಮ್ಮ ಬಗ್ಗಿ ನಡುಮನೆಯ ಮಧ್ಯೆ ಅಂಗೈ ಇಟ್ಟು ನೋಡಿ, "ಒಣಗಿದೆ" ಎಂದರು. ಇಷ್ಟು ವರ್ಷ ನಮ್ಮ ಊರಿನಲ್ಲಿ ಯಾರಿಗೂ ಕೇಳಬೇಕು ಎಂದು ಹೊಳೆದಿರಲಿಲ್ಲ. ಎಲ್ಲರೂ ಸ್ವಲ್ಪ ನಾಚಿಕೊಂಡು ಒಳಗೆ ಬಂದರು.

ಬಾಗಿಲ ಕಡೆ ಜಮಖಾನ ಹಾಸಿದರು. ಹುಡುಗ ಆಮೆಗಳ ಮೇಲೆ ಕೂತ, ಶಾಸ್ತ್ರ ಮುಗಿಯುವವರೆಗೂ ಒಂದು ಕಡೆ ವಾಲಿಕೊಂಡೇ ಇದ್ದ. ಅವನ ತಾಯಿ ಕಿಟಕಿಯ ಕಡೆಯ ಖಾಲಿ ಜಾಗ ನೋಡಿ, "ಸರೀತು ಅಂತ ಒಂಟಿಯಾಗಿ ಬಿಡೋದಾ? ಯಾರಾದ್ರೂ ಜೊತೆಗೆ ಕೂತ್ಕೊಳ್ರಮ್ಮ" ಎಂದರು. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಯಾರಿಗೂ ಶಾಸ್ತ್ರ ಬಿಟ್ಟು ಅಲ್ಲಿ ಕೂರುವ ಮನಸ್ಸಿರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ಲೋಟ ಹಿಡಿದು ನಿಂತಿದ್ದೆ. ಅತ್ತಿಗೆ ಅಲ್ಲಿಗೆ ನೋಡಿದರು.

"ಚಂಪಾ, ನೀನು ಬಾ," ಎಂದರು. ಅಷ್ಟು ದಿನಗಳ ಮೇಲೆ ನನಗೆ ಎಂದೇ ಹೇಳಿದ ಮೊದಲ ಮಾತು.

ನಾನು ಹೋಗಿ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತೆ. ನಡುಮನೆಯ ತುಂಬ ಜನ ಇರುವಾಗ ನಾನು ಅಲ್ಲಿ ಕೂತಿದ್ದು ಅದೇ ಮೊದಲು. ಯಾರೂ ನನ್ನನ್ನು ಏನೂ ಕೇಳಲಿಲ್ಲ, ನಾನು ಕೆಲಸದ ಮೇಲಿದ್ದೆ. ಹಲಗೆ ತಣ್ಣಗಿತ್ತು. ಶೈಲಾ ತಲೆ ತಗ್ಗಿಸಿ ಕೂತಿದ್ದನ್ನು, ಅವಳ ತೋಳಿನ ಮೇಲೆ ನಾನು ಹೊಲಿದ ರವಿಕೆ ಸುಕ್ಕಿಲ್ಲದೆ ಕೂತಿದ್ದನ್ನು ಎದುರಿನಿಂದಲೇ ನೋಡಿದೆ. ಅವಳದನ್ನು ಮಾತ್ರ ಹಲಗೆ ನಂಬದೆ ಬೆರಳಿನಿಂದ ಅಳೆದಿದ್ದೆ. ಊಟಕ್ಕೆ ಎಲೆ ಹಾಕಿದಾಗ ಅತ್ತಿಗೆ ನನಗೊಂದು ಎಲೆ, ಪಕ್ಕದಲ್ಲಿ ನೀರಿಗೊಂದು ಎಲೆ ಹಾಕಿ ಬಡಿಸಿದರು. ನೀರಿನ ಎಲೆಗೆ ಒಂದು ಹೋಳಿಗೆ, ನನ್ನದಕ್ಕೆ ಎರಡು. ಬಡಿಸಿ ಒಂದು ಗಳಿಗೆ ಅಲ್ಲೇ ನಿಂತು ನನ್ನನ್ನು ನೋಡಿದರು, ಏನನ್ನೋ ಮೊದಲ ಸಲ ಅಳತೆ ಮಾಡುವವರ ಹಾಗೆ. ಆಮೇಲೆ ತುಪ್ಪ ತರಲು ಹೋದರು.

ನೆಂಟರೆಲ್ಲ ಹೋದ ಮೇಲೆ ಅಣ್ಣ ಹೇಳಿದ. "ಸರಿ. ಕಿಟಕಿ ಕಡೆ ಒಂದು ಎಲೆ ಇಡೋಣ. ಅದು ಗರಿಗರಿ ಆದ ದಿನ ಟೈಲ್ಸಿನವರನ್ನ ಕರೀತೀನಿ. ಇನ್ನು ಯಾರೂ ಏನೂ ಹೇಳ್ಬಾರ್ದು." ನಾನು ಜಮಖಾನ ಮಡಚಿಟ್ಟೆ.

ಅಂದಿನಿಂದ ದಿನಾ ಬೆಳಿಗ್ಗೆ ಅಣ್ಣ ಕಾಫಿ ಲೋಟ ಹಿಡಿದುಕೊಂಡು ಬಂದು ಎಲೆ ಎತ್ತಿ ನೋಡುತ್ತಿದ್ದ. ಮೆತ್ತಗಿರುತ್ತಿತ್ತು. ಮಳೆಗಾಲ ಬಂತು, ಹೋಯಿತು. ಹಬ್ಬಗಳು ಕಳೆದವು. ಶೈಲಾಳ ಮದುವೆಗೆ ದಿನ ಗೊತ್ತಾಯಿತು. ಎಲೆ ಮೆತ್ತಗೇ ಇತ್ತು. ನನಗೆ ಅದು ಅರ್ಥವಾಗಲಿಲ್ಲ. ಏಕೆಂದರೆ ಕಿಟಕಿಯ ಕಡೆಯ ಹಲಗೆಗಳು ಒಂದೊಂದಾಗಿ ತಮ್ಮ ಪಾಡಿಗೆ ಸಮವಾಗಿದ್ದವು. ಸೀಮೆಸುಣ್ಣದ ಗೆರೆ ಎಳೆದರೆ ಅಲುಗದೆ ನಿಲ್ಲುತ್ತಿತ್ತು. ಊರಿನ ಹೆಂಗಸರ ರವಿಕೆಗಳು ಮತ್ತೆ ಮೈಗೆ ಸರಿಯಾಗಿ ಕೂರತೊಡಗಿದ್ದವು. "ಹಬ್ಬದ ಕಡುಬು ತಿಂದು ಮತ್ತೆ ಮೈ ಬಂತು ನೋಡೇ" ಎಂದು ಅಂಚೆ ಮಾಸ್ತರರ ಹೆಂಡತಿ ನೊಂದುಕೊಂಡರು, ಗಿರಣಿಯವರ ಸೊಸೆ ಮತ್ತೆ ನಡೆಯಲು ಹೊರಟಳು. ನಾನು ಕೆನ್ನೆ ಒತ್ತಿ ನೋಡಿದೆ, ಹಲಗೆ ಬೆಚ್ಚಗಿತ್ತು. ನೀರು ಎಂದೋ ಹೋಗಿತ್ತು. ಎಲೆ ಮಾತ್ರ ಒಪ್ಪುತ್ತಿರಲಿಲ್ಲ.

ಒಂದು ದಿನ ಬೆಳಗಾಗುವ ಹೊತ್ತಿಗೆ ಕಸ ಗುಡಿಸಲು ಎದ್ದು ಬಂದೆ. ಕಿಟಕಿಯ ಹತ್ತಿರ ಅತ್ತಿಗೆ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಚೊಂಬು. ಕಲ್ಲು ಎತ್ತಿ ಪಕ್ಕಕ್ಕಿಟ್ಟು, ಬೆರಳು ಅದ್ದಿ ಎಲೆಗೆ ನೀರು ಚಿಮುಕಿಸಿದರು. ಮಗುಚಿ ಆ ಕಡೆಯೂ ಚಿಮುಕಿಸಿದರು. ಒಂದು ಹನಿ ಹಲಗೆಗೆ ಬಿತ್ತು. ಅದನ್ನು ಸೆರಗಿನಿಂದ ಒತ್ತಿ, ಅಂಚಿನ ಸಂದಿಯವರೆಗೆ ಒರೆಸಿ, ಎಲೆಯನ್ನು ಇಟ್ಟು ಕಲ್ಲು ಹೇರಿದರು. ಎದ್ದು ತಿರುಗಿದಾಗ ನಾನು ಪೊರಕೆ ಹಿಡಿದು ನಿಂತಿದ್ದೆ.

ಅತ್ತಿಗೆ ಸೀರೆಯ ನೆರಿಗೆ ಕೊಡವಿಕೊಂಡರು. "ಹಾಲು ಕಾಯ್ಸಿಲ್ಲ ಇನ್ನೂ," ಎಂದು ಚೊಂಬು ಎತ್ತಿಕೊಂಡು ಒಳಗೆ ಹೋದರು. ನಾನು ಕಸ ಗುಡಿಸಿದೆ.

ಸ್ವಲ್ಪ ಹೊತ್ತಿಗೆ ಅಣ್ಣ ಕಾಫಿ ಹಿಡಿದುಕೊಂಡು ಬಂದ. ಎಲೆ ಎತ್ತಿ ಮಡಚಿ ನೋಡಿದ. ಸದ್ದಾಗಲಿಲ್ಲ.

"ಇದು ಹೋಗೋ ಹಾಗೇ ಕಾಣಲ್ವಲ್ಲೇ," ಎಂದ ಅಡುಗೆಮನೆಯ ಕಡೆಗೆ.

"ಬಂದವ್ರನ್ನ ಯಾವಾಗ ಹೋಗ್ತೀರಿ ಅಂತ ಕೇಳೋಕಾಗುತ್ತಾ," ಎಂದಿತು ಅತ್ತಿಗೆಯ ದನಿ ಒಳಗಿನಿಂದ. "ಇರ್ಲಿ ಬಿಡಿ. ನಮಗೇನು ಭಾರ?"

ಅಣ್ಣ ಇನ್ನೊಂದು ಗುಟುಕು ಕುಡಿದ. ಆಮೇಲೆ ಎಲೆಯನ್ನು ಇದ್ದ ಜಾಗದಲ್ಲೇ ಇಟ್ಟು, ಕಲ್ಲು ಹೇರಿ, ನೀರಿಗೆ ಕಾಲು ತಾಗದ ಹಾಗೆ ಗೋಡೆಯ ಪಕ್ಕದಿಂದ ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋದ.